ಐದು ಪರ್ಸೆಂಟ್ ಗೀರು: ವಿಮಾನದ ತಗಡಿಗೆ ತೇಪೆ ಹಚ್ಚಿದ ಕಥೆ

ವಿಮಾನಕ್ಕೆ ಸೇರಬೇಕಾದ ಒಂದು ಅಲ್ಯೂಮಿನಿಯಂ ಭಾಗ ತಯಾರಾಗಿದೆ ಅಂದ್ಕೊಳ್ಳಿ. ಮೆಷೀನ್ ಕೆಲಸ ಮುಗಿದಿದೆ. ತೊಳೆದು, ರಾಸಾಯನಿಕದ ತೊಟ್ಟಿಯಲ್ಲಿ ಅದ್ದಿ ತೆಗೆದಿದ್ದಾರೆ. ಮೈಮೇಲೆಲ್ಲ ಹೊಂಬಣ್ಣದ ತೆಳು ಪದರ ಕೂತಿದೆ. ಇನ್ನೇನು ಪೇಂಟಿಗೆ ಹೋಗಬೇಕು, ಅಷ್ಟರಲ್ಲಿ ಯಾರದೋ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಸರ್ರನೆ ಒಂದು ಗೀರು! ಎರಡು ಇಂಚು ಉದ್ದ, ಕೂದಲೆಳೆಯಷ್ಟು ಅಗಲ. ಒಳಗಿನ ಬೆಳ್ಳಿ ಬಣ್ಣದ ಲೋಹ ಇಣುಕ್ತಾ ಇದೆ.

ಈಗೇನು ಮಾಡೋದು? ಇಡೀ ಭಾಗವನ್ನ ಮತ್ತೆ ತೊಟ್ಟಿಗೆ ಹಾಕೋದಾ? ಅಥವಾ ಗೀರಿನ ಮೇಲಷ್ಟೇ ಬ್ರಷ್ಷಿನಲ್ಲಿ ಅದೇ ದ್ರಾವಣ ಹಚ್ಚಿ ಮುಂದಕ್ಕೆ ಕಳಿಸೋದಾ? ಎರಡನೇದಕ್ಕೆ 'ಟಚ್-ಅಪ್' ಅಂತಾರೆ. ನಿಯಮ ಇದನ್ನ ಒಪ್ಪುತ್ತೆ, ಆದರೆ ಒಂದು ಮಿತಿಯೊಳಗೆ. ಸರಿ, ಹಚ್ಚಿದ್ದಾಯ್ತು. ಹಚ್ಚಿದ್ದು ಸರಿಯಾಗಿ ಕೂತಿದೆ ಅಂತ ಹೇಳೋದು ಯಾರು, ಯಾವ ಪರೀಕ್ಷೆ ಮಾಡಿ?

ಕೇಳೋಕೆ ಚಿಲ್ಲರೆ ಪ್ರಶ್ನೆ. ನಾನೂ ಹಾಗೇ ಅಂದ್ಕೊಂಡು ಓದೋಕೆ ಶುರು ಮಾಡಿದೆ. ಆಮೇಲೆ ನೋಡಿದ್ರೆ ಇದರ ಹಿಂದೆ ನೂರು ವರ್ಷದ ಇತಿಹಾಸವೇ ಇದೆ.

ನಮ್ಮಜ್ಜಿ ಮನೆಯಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕಿಸ್ತಿದ್ರು. ತಳದಲ್ಲಿ ಒಂದು ಕಡೆ ಕಲಾಯಿ ಹೋಗಿ ಹಿತ್ತಾಳೆ ಕಂಡರೂ ಸಾಕು, ಆ ಪಾತ್ರೆಯಲ್ಲಿ ಹುಣಸೆಹುಳಿ ಬಿದ್ದ ಸಾರು ಮಾಡ್ತಿರಲಿಲ್ಲ, ಕಿಲುಬು ಬಿಡುತ್ತೆ ಅಂತ. ಕಲಾಯಿಯವನು ಬಂದಾಗ "ಇಲ್ಲೊಂಚೂರು ಹಚ್ಚಿ ಕೊಡಪ್ಪ" ಅಂದರೆ ಅವನು ಸುತರಾಂ ಒಪ್ಪೋನಲ್ಲ. ಇಡೀ ಪಾತ್ರೆಯನ್ನ ಒಲೆ ಮೇಲಿಟ್ಟು, ನವಸಾಗರ ಉಜ್ಜಿ, ಹೊಗೆ ಎಬ್ಬಿಸಿ ಮೊದಲಿಂದ ಮಾಡೋನು. ದುಡ್ಡಿಗಾಗಿ ಹಾಗೆ ಮಾಡ್ತಾನೆ ಅಂತ ಅಜ್ಜಿಗೆ ಅನುಮಾನ. ಈಗ ನನಗನ್ನಿಸೋದು, ಅವನಿಗೆ ಟಚ್-ಅಪ್ ಮೇಲೆ ನಂಬಿಕೆ ಇರಲಿಲ್ಲ ಅಷ್ಟೆ :)

ಇರ್ಲಿ, ವಿಮಾನಕ್ಕೆ ಬರೋಣ. ಅಲ್ಯೂಮಿನಿಯಂಗೆ ತುಕ್ಕೇ ಹಿಡಿಯೋಲ್ಲ ಅಲ್ವಾ, ಅದಕ್ಕೆ ಇದೆಲ್ಲ ಯಾಕೆ? ಶುದ್ಧ ಅಲ್ಯೂಮಿನಿಯಂ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಗಾಳಿ ತಾಗಿದ ಕ್ಷಣವೇ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ ತಾನಾಗಿ ಬೆಳೆದು ಒಳಗಿನದನ್ನ ಕಾಯುತ್ತೆ. ತೊಂದರೆ ಏನಪ್ಪಾ ಅಂದ್ರೆ, ಶುದ್ಧ ಅಲ್ಯೂಮಿನಿಯಂ ಮೆತ್ತಗೆ. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯೋ ವಿಧಾನ ಕಂಡುಹಿಡಿದರು. ಲೋಹ ಅಗ್ಗವಾಯ್ತು, ಆದರೆ ಮೆತ್ತಗೇ ಉಳೀತು. ಅದರಲ್ಲಿ ಪಾತ್ರೆ ಮಾಡಬಹುದು, ರೆಕ್ಕೆ ಮಾಡೋಕಾಗೋಲ್ಲ.

ರೆಕ್ಕೆಗೆ ದಾರಿ ಮಾಡಿದ್ದು ಜರ್ಮನಿಯ ಆಲ್ಫ್ರೆಡ್ ವಿಲ್ಮ್. 1906ರ ಸುಮಾರಿಗೆ ಆತ ಅಲ್ಯೂಮಿನಿಯಂಗೆ ಸುಮಾರು 4% ತಾಮ್ರ, ಒಂಚೂರು ಮೆಗ್ನೀಸಿಯಂ ಬೆರೆಸಿ, ಕಾಯಿಸಿ, ತಣ್ಣೀರಲ್ಲಿ ಅದ್ದಿ ಪರೀಕ್ಷೆ ಮಾಡ್ತಿದ್ದ. ಶನಿವಾರ ಅಳತೆ ಅರ್ಧಕ್ಕೆ ಬಿಟ್ಟು ಮನೆಗೆ ಹೋಗಿ, ಸೋಮವಾರ ಬಂದು ಮತ್ತೆ ಅಳೆದರೆ ಅದೇ ತುಂಡು ಇನ್ನಷ್ಟು ಗಟ್ಟಿಯಾಗಿತ್ತಂತೆ! ವಾರಾಂತ್ಯ ರಜಾ ತಗೊಂಡಿದ್ದಕ್ಕೆ ವಿಜ್ಞಾನಕ್ಕೆ ಲಾಭ ಆದ ಅಪರೂಪದ ಕಥೆ ಇದು (ನಮ್ಮ ಮ್ಯಾನೇಜರುಗಳು ಓದಬೇಕು). ಇದೇ ಡ್ಯುರಾಲುಮಿನ್. ಜೆಪ್ಪೆಲಿನ್ ವಾಯುನೌಕೆಗಳ ಅಸ್ಥಿಪಂಜರ ಇದರಲ್ಲಾಯ್ತು. 1919ರಲ್ಲಿ ಹಾರಿದ ಯುಂಕರ್ಸ್ ಎಫ್-13 ಅನ್ನೋ ಪ್ರಯಾಣಿಕ ವಿಮಾನ ಪೂರ್ತಿ ಇದರಲ್ಲೇ ಆಗಿತ್ತು.

ಆದರೆ ಗಟ್ಟಿತನ ತಂದ ತಾಮ್ರವೇ ಶತ್ರುವೂ ಆಯ್ತು. ಬೆರಕೆ ಲೋಹದೊಳಗೆ ತಾಮ್ರ ಹೆಚ್ಚಿರೋ ಕಣಗಳು ಅಲ್ಲಲ್ಲಿ ಗುಂಪುಗೂಡಿರುತ್ತವೆ. ಉಪ್ಪಿನ ತೇವ ಬಿತ್ತೋ, ತಾಮ್ರದ ಕಣ ಒಂದು ಧ್ರುವ, ಪಕ್ಕದ ಅಲ್ಯೂಮಿನಿಯಂ ಇನ್ನೊಂದು ಧ್ರುವ. ಲಕ್ಷಾಂತರ ಪುಟಾಣಿ ಬ್ಯಾಟರಿಗಳು! ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತೆ. ಕಬ್ಬಿಣದ ಹಾಗೆ ಕೆಂಪಗೆ ಕಾಣೋದೂ ಇಲ್ಲ. ಹೊರಗೆ ಒಂಚೂರು ಬಿಳಿ ಪುಡಿ, ಒಳಗೆ ಹರಳುಗಳ ಸಂದಿಯಲ್ಲಿ ಕೊರೆತ. 1920ರ ದಶಕದಲ್ಲಿ ಹೊರಗಿನಿಂದ ಚೆನ್ನಾಗೇ ಕಾಣ್ತಿದ್ದ ಡ್ಯುರಾಲುಮಿನ್ ತಗಡುಗಳು ಹಪ್ಪಳದ ಹಾಗೆ ಮುರಿಯೋಕೆ ಶುರುವಾದವು. ಅಮೆರಿಕದ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಹೆನ್ರಿ ರಾಡನ್ 1928ರಲ್ಲಿ ಇದರ ಮೇಲೇ ಸಾಲುಸಾಲು ವರದಿ ಬರೆದ. ಲೋಹದ ವಿಮಾನಗಳನ್ನ ನಂಬಬಹುದೋ ಇಲ್ಲವೋ ಅನ್ನೋ ಅನುಮಾನ ಆಗ ನಿಜಕ್ಕೂ ಇತ್ತು.

ಅದಕ್ಕೆ ಎರಡು ದೊಡ್ಡ ಉತ್ತರ ಬಂತು. 1923ರಲ್ಲಿ ಇಂಗ್ಲೆಂಡಿನ ಬೆನ್‌ಗಫ್ ಮತ್ತು ಸ್ಟುವರ್ಟ್, ಸಮುದ್ರದ ಮೇಲಿಳಿಯೋ ವಿಮಾನಗಳ ಭಾಗಗಳನ್ನ ಕ್ರೋಮಿಕ್ ಆಸಿಡ್ ತೊಟ್ಟಿಯಲ್ಲಿಟ್ಟು ಕರೆಂಟ್ ಹರಿಸಿ ಆಕ್ಸೈಡ್ ಪದರವನ್ನೇ ದಪ್ಪ ಮಾಡಿದರು. ಇದು ಆನೋಡೈಸಿಂಗ್. 1927ರಲ್ಲಿ ಅಲ್ಕೋವಾ ಕಂಪನಿಯ ಡಿಕ್ಸ್, ಗಟ್ಟಿ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂ ಹೊದಿಸಿದ 'ಅಲ್‌ಕ್ಲ್ಯಾಡ್' ತಂದ. ಇದು ಒಂಥರಾ ಲೋಹಕ್ಕೆ ಲೋಹದ್ದೇ ಕಲಾಯಿ.

ಎರಡರಲ್ಲೂ ಒಂದೊಂದು ಕೊರತೆ. ಅಲ್‌ಕ್ಲ್ಯಾಡ್ ತಗಡಿಗೆ ತೂತು ಕೊರೆದರೆ, ಅಂಚು ಕತ್ತರಿಸಿದರೆ ಒಳಗಿನ ತಾಮ್ರದ ಬೆರಕೆ ಬಯಲು. ಆನೋಡೈಸಿಂಗ್‌ಗೆ ತೊಟ್ಟಿ ಬೇಕು, ಕರೆಂಟ್ ಬೇಕು. ಜೋಡಿಸಿ ನಿಲ್ಲಿಸಿದ ವಿಮಾನದ ಹೊಟ್ಟೆಯಲ್ಲಿ ಗೀರು ಬಿದ್ದರೆ ಇಡೀ ವಿಮಾನವನ್ನ ಎತ್ತಿ ತೊಟ್ಟಿಗೆ ಅದ್ದೋಕಾಗುತ್ತಾ?

ಇಲ್ಲೇ ಮೂರನೇ ದಾರಿ ಬೇಕಾಯ್ತು. ಕರೆಂಟ್ ಇಲ್ಲದೆ, ಬರೀ ರಾಸಾಯನಿಕ ತಾಗಿಸಿ ಲೋಹದ ಮೇಲ್ಮೈಯನ್ನೇ ಬೇರೆ ವಸ್ತುವಾಗಿ ಬದಲಾಯಿಸೋದು. ಪೇಂಟ್ ಥರ ಮೇಲೆ ಬಳಿಯೋದಲ್ಲ, ಮೇಲ್ಮೈಯೇ ಪರಿವರ್ತನೆ ಆಗುತ್ತೆ. ಅದಕ್ಕೇ 'ಕನ್ವರ್ಷನ್ ಕೋಟಿಂಗ್' ಅನ್ನೋ ಹೆಸರು. ಜರ್ಮನಿಯಲ್ಲಿ ಬವರ್ ಮತ್ತು ಫೋಗೆಲ್ 1915ರಲ್ಲೇ ಕ್ರೋಮೇಟ್ ಇರೋ ಬಿಸಿ ಕ್ಷಾರ ದ್ರಾವಣದಲ್ಲಿ ಇದನ್ನ ಮಾಡಿದ್ದರು, ಆದರೆ ಅದು ನಿಧಾನ. ಎರಡನೇ ಮಹಾಯುದ್ಧದ ಹೊತ್ತಿಗೆ ಮತ್ತು ಅದರ ನಂತರ ಅಮೆರಿಕದಲ್ಲಿ ಆಮ್ಲದ ದ್ರಾವಣಗಳು ಬಂದವು. ಪೆನ್ಸಿಲ್ವೇನಿಯಾದ ಆಂಬ್ಲರ್ ಊರಿನ ಅಮೆರಿಕನ್ ಕೆಮಿಕಲ್ ಪೇಂಟ್ ಕಂಪನಿಯ 'ಅಲೋಡೈನ್' ಎಷ್ಟು ಹೆಸರು ಮಾಡಿತು ಅಂದ್ರೆ, ಫೋಟೋಕಾಪಿಗೆ ಜೆರಾಕ್ಸ್ ಅನ್ನೋ ಹಾಗೆ, ಯಾರ ದ್ರಾವಣ ಹಾಕಿದರೂ 'ಅಲೋಡೈನ್ ಮಾಡಿದ್ವಿ' ಅನ್ನೋ ಮಾತೇ ನಿಂತುಬಿಡ್ತು.

ಇದರಲ್ಲಿ ಆಗೋದೇನು? ದ್ರಾವಣದ ಫ್ಲೋರೈಡ್ ಮೊದಲು ಹಳೇ ಆಕ್ಸೈಡನ್ನ ಕರಗಿಸುತ್ತೆ. ಬರಿಮೈ ಆದ ಅಲ್ಯೂಮಿನಿಯಂ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ಆರು ವೇಲೆನ್ಸಿಯ ಕ್ರೋಮಿಯಂ ಅದನ್ನ ಪಡೆದು ಮೂರು ವೇಲೆನ್ಸಿಗೆ ಇಳಿದು, ಕರಗದ ಪದರವಾಗಿ ಅಲ್ಲೇ ಕೂರುತ್ತೆ. ದಪ್ಪ ಒಂದು ಮೈಕ್ರಾನಿಗಿಂತ ಕಡಿಮೆ. ಕೆಲವೇ ನಿಮಿಷದ ಕೆಲಸ. ಹೊಸದಾಗಿ ಕೂತ ಪದರ ಲೋಳೆ ಥರ ಮೆತ್ತಗಿರುತ್ತೆ, ಬೆರಳಿಟ್ಟು ಒರೆಸಿದರೆ ಬಂದುಬಿಡುತ್ತೆ. ಒಂದು ದಿನ ಸುಮ್ಮನೆ ಬಿಟ್ಟರೆ ಗಟ್ಟಿಯಾಗುತ್ತೆ. ಬೇಗ ಒಣಗಲಿ ಅಂತ 60 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದರೆ ನೀರಿನಂಶ ಹೋಗಿ ಬಿರುಕು ಬಿಟ್ಟು ಕೆಲಸಕ್ಕೆ ಬಾರದ ಹಾಗೆ ಆಗುತ್ತೆ.

ಇದರ ಇನ್ನೊಂದು ಗುಣ ನನಗೆ ತುಂಬಾ ಇಷ್ಟವಾಯ್ತು. ಪದರದೊಳಗೆ ಒಂದಷ್ಟು ಆರು ವೇಲೆನ್ಸಿಯ ಕ್ರೋಮಿಯಂ ಹಾಗೇ ಸಿಕ್ಕಿಕೊಂಡು ಉಳಿದಿರುತ್ತೆ. ಮುಂದೆ ಎಲ್ಲಾದರೂ ಸಣ್ಣ ಗೀರು ಬಿದ್ದು ತೇವ ಬಂದರೆ ಅದು ಕರಗಿ, ಗೀರಿನ ಕಡೆ ಹರಿದು, ಅಲ್ಲಿ ಹೊಸ ಪದರ ಕಟ್ಟುತ್ತೆ. ಅಂದ್ರೆ ಗಾಯ ತಾನೇ ಮಾಯುತ್ತೆ! ಆದರೆ ಕೂದಲೆಳೆ ಗೀರಿಗೆ ಸಾಲೋ ಈ ಔಷಧಿ ಅಗಲವಾಗಿ ಕಿತ್ತುಹೋದ ಜಾಗಕ್ಕೆ ಸಾಲೋಲ್ಲ. ಅಲ್ಲಿ ಮನುಷ್ಯನ ಕೈಯೇ ಬೇಕು. ತೊಟ್ಟಿಯಲ್ಲಿ ಅದ್ದಿದರೂ, ಸ್ಪ್ರೇ ಮಾಡಿದರೂ, ಬ್ರಷ್ಷಿನಲ್ಲಿ ಹಚ್ಚಿದರೂ ನಡೆಯೋ ರಾಸಾಯನಿಕ ಕ್ರಿಯೆ ಒಂದೇ. ಹಾಗಾಗಿ ಟಚ್-ಅಪ್ ಸಾಧ್ಯವಾಯ್ತು. ಆನೋಡೈಸ್ ಮಾಡಿದ ಭಾಗದ ಮೇಲೆ ಗೀರು ಬಿದ್ದರೂ ಎಷ್ಟೋ ಸಲ ಇದೇ ಬ್ರಷ್ ದ್ರಾವಣದಿಂದಲೇ ತೇಪೆ ಹಾಕ್ತಾರೆ.

ಈಗ ಪರೀಕ್ಷೆಯ ವಿಷಯ. ಅಮೆರಿಕದ ಸೇನೆ ಈ ಕೋಟಿಂಗಿಗೆ ಬರೆದ ನಿಯಮಾವಳಿಯ ಹೆಸರು ಮಿಲ್-ಸಿ-5541. ಪರಿಷ್ಕರಣೆ ಆಗ್ತಾ ಆಗ್ತಾ 1990ರಲ್ಲಿ ಅದರ 'ಇ' ಆವೃತ್ತಿ ಬಂತು, 2006ರ ಜುಲೈನಲ್ಲಿ ಮಿಲ್-ಡಿಟಿಎಲ್-5541 ಅನ್ನೋ ಹೊಸ ಹೆಸರಲ್ಲಿ 'ಎಫ್' ಆವೃತ್ತಿ. ಇದಕ್ಕೊಂದು ಜೋಡಿ ನಿಯಮಾವಳಿ ಇದೆ, ಅದರ ನಂಬರು 81706. ಈ ಜೋಡಿಯ ಹಂಚಿಕೆ ಜಾಣತನದ್ದು. 81706 ಪರೀಕ್ಷೆ ಮಾಡೋದು ದ್ರಾವಣವನ್ನ, ಅಂದ್ರೆ ಡಬ್ಬಿಯಲ್ಲಿರೋ ವಸ್ತು ಯೋಗ್ಯವೋ ಅಲ್ಲವೋ ಅಂತ. 5541 ಪರೀಕ್ಷೆ ಮಾಡೋದು ಅದನ್ನ ಬಳಸೋ ಕಾರ್ಖಾನೆಯ ಕೆಲಸವನ್ನ. ಅಕ್ಕಿ ಚೆನ್ನಾಗಿದೆ ಅನ್ನೋದು ಬೇರೆ, ಅನ್ನ ಚೆನ್ನಾಗಿ ಆಗಿದೆ ಅನ್ನೋದು ಬೇರೆ!

ಮುಖ್ಯ ಪರೀಕ್ಷೆ ಉಪ್ಪಿನ ಮಂಜು. ಮುಚ್ಚಿದ ಪೆಟ್ಟಿಗೆಯಲ್ಲಿ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ 5% ಉಪ್ಪು ನೀರನ್ನ ಮಂಜಿನ ಹಾಗೆ ಊದುತ್ತಾ ಇರ್ತಾರೆ. ಕೋಟಿಂಗ್ ಮಾಡಿ ಒಂದು ದಿನ ಆರಿಸಿದ ಮಾದರಿ ತಗಡುಗಳು ಅದರೊಳಗೆ 168 ಗಂಟೆ ಇರಬೇಕು. ಸರಿಯಾಗಿ ಒಂದು ವಾರ. ಆಮೇಲೆ ತೆಗೆದು ತೊಳೆದು ಗುಳಿ ಬಿದ್ದಿದೆಯಾ ಅಂತ ನೋಡ್ತಾರೆ. ಈ ಮಂಜಿನ ಐಡಿಯಾ 1914ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಕ್ಯಾಪ್ ಅನ್ನುವವರು ಮುಂದಿಟ್ಟಿದ್ದು. 1939ರಲ್ಲಿ ಬಿ-117 ಅನ್ನೋ ನಂಬರಿನಲ್ಲಿ ಮಾನಕವಾಗಿ, ಇವತ್ತಿಗೂ ಅದೇ ನಂಬರಿನಲ್ಲಿ ನಡೀತಾ ಇದೆ. ಒಂದು ವಾರ ಪಾಸಾಯ್ತು ಅಂದ ಮಾತ್ರಕ್ಕೆ ಇಷ್ಟು ವರ್ಷ ಬಾಳುತ್ತೆ ಅಂತ ಲೆಕ್ಕ ಹಾಕೋಕಾಗೋಲ್ಲ. ಕೆಲಸ ಕೆಟ್ಟಿದ್ದರೆ ಬೇಗ ಗೊತ್ತಾಗುತ್ತೆ, ಅಷ್ಟಕ್ಕೆ ಇದು ಒಳ್ಳೇದು.

ಎರಡನೇದು ಪೇಂಟ್ ಹಿಡಿಯುತ್ತಾ ಅನ್ನೋ ಪರೀಕ್ಷೆ. ಮಾದರಿ ತಗಡಿಗೆ ಪ್ರೈಮರ್ ಹಚ್ಚಿ, ಒಂದು ದಿನ ನೀರಲ್ಲಿ ಮುಳುಗಿಸಿ, ತೆಗೆದ ಕೂಡಲೇ ಗೀಚಿ, ಟೇಪ್ ಅಂಟಿಸಿ ಪಟ್ಟನೆ ಕೀಳೋದು. ಟೇಪಿನ ಜೊತೆ ಪೇಂಟ್ ಬಂದರೆ ಫೇಲ್. ಇವೆರಡರ ಜೊತೆ, ವಿದ್ಯುತ್ ಹರಿಯಬೇಕಾದ ಜಾಗಕ್ಕೆ 'ಕ್ಲಾಸ್ 3' ಅನ್ನೋ ತೆಳು ಪದರ ಉಂಟು. ಅದನ್ನ ಒಪ್ಪೋಕೆ ಒಂದು ಚದರ ಇಂಚಿಗೆ 5,000 ಮೈಕ್ರೋ-ಓಮ್ ಒಳಗಿನ ರೋಧ, ಉಪ್ಪಿನ ಮಂಜಿನಿಂದ ಹೊರಬಂದ ಮೇಲೆ 10,000ದ ಒಳಗೆ ಅಂತ ಮಿತಿ. ಹೆಚ್ಚು ರಕ್ಷಣೆ ಬೇಕಾದ ಕಡೆಗೆ 'ಕ್ಲಾಸ್ 1ಎ'.

ಇಷ್ಟೆಲ್ಲ ಆದಮೇಲೆ ನಮ್ಮ ಎರಡು ಇಂಚಿನ ಗೀರಿಗೆ ಬರೋಣ. ನಿಯಮ ಹೇಳೋದು ಇಷ್ಟು. ಏಟಿನಿಂದ ಪದರ ಕಿತ್ತುಹೋಗಿ ಭಾಗಕ್ಕೆ ಬೇರೇನೂ ಪೆಟ್ಟಾಗಿಲ್ಲದಿದ್ದರೆ, ಒಪ್ಪಿಗೆ ಪಡೆದ ದ್ರಾವಣದಿಂದ ಟಚ್-ಅಪ್ ಮಾಡಬಹುದು. ಬೇರೆ ಸೂಚನೆ ಇಲ್ಲದಿದ್ದರೆ ಒಟ್ಟು ಮೇಲ್ಮೈಯ 5%ಕ್ಕಿಂತ ಹೆಚ್ಚು ಜಾಗ ಆಗಬಾರದು. ಅದಕ್ಕಿಂತ ಜಾಸ್ತಿ ಆದರೆ ಕಲಾಯಿಯವನ ದಾರಿಯೇ ಸರಿ, ಮೊದಲಿಂದ ಮಾಡಿ.

ಆದರೆ ತೇಪೆಯನ್ನ ಪರೀಕ್ಷೆ ಮಾಡೋದು ಹೇಗೆ? ಭಾಗವನ್ನೇ ಉಪ್ಪಿನ ಮಂಜಿಗೆ ಹಾಕೋಕಾಗೋಲ್ಲ. ಹಾಕಿದರೆ ಅದನ್ನ ಮತ್ತೆ ವಿಮಾನಕ್ಕೆ ಹಾಕೋಕಾಗೋಲ್ಲ. ಟೇಪ್ ಪರೀಕ್ಷೆಗೂ ಪೇಂಟನ್ನ ಗೀಚಬೇಕು. ಅಂದ್ರೆ ಯಾವ ಜಾಗದ ಬಗ್ಗೆ ನಮಗೆ ಅನುಮಾನ ಇದೆಯೋ ಅದೇ ಜಾಗವನ್ನ ನಿಜವಾದ ಪರೀಕ್ಷೆಗೆ ಒಡ್ಡೋಕೆ ಸಾಧ್ಯವೇ ಇಲ್ಲ! ಅದರ ಮೇಲೆ ಮಾಡಬಹುದಾದದ್ದು ನೋಡೋದು ಮಾತ್ರ. ಹಚ್ಚೋ ಮುಂಚೆ ನೀರು ಹಾಕಿ ನೋಡಬೇಕು. ಮೇಲ್ಮೈ ಶುದ್ಧವಾಗಿದ್ದರೆ ನೀರು ಹಾಳೆಯಂತೆ ಹರಡುತ್ತೆ, ಎಣ್ಣೆ ಜಿಡ್ಡಿದ್ದರೆ ಕೆಸುವಿನೆಲೆ ಮೇಲಿನ ಹನಿಯಂತೆ ಗುಂಡಗೆ ನಿಲ್ಲುತ್ತೆ. ಹಚ್ಚಿದ ಮೇಲೆ ಬಣ್ಣ ನೋಡಬೇಕು. ಹೊಂಬಣ್ಣ ಬಂತಾ, ಒಂದೇ ಸಮ ಇದೆಯಾ, ಪುಡಿ ಉದುರ್ತಾ ಇದೆಯಾ, ನಡುವೆ ಬರಿ ಲೋಹ ಕಾಣ್ತಿದೆಯಾ?

ಉಳಿದದ್ದೆಲ್ಲ ಮಾದರಿ ತಗಡಿನ ಮೇಲೆ. ಡಬ್ಬಿಯ ದ್ರಾವಣವನ್ನ ಬ್ರಷ್ಷಿನಲ್ಲಿ ಹಚ್ಚಿದಾಗಲೂ ಪಾಸಾಗುತ್ತೆ ಅಂತ 81706 ಮೊದಲೇ ತೋರಿಸಿರಬೇಕು. ಸ್ಪ್ರೇ, ಬ್ರಷ್, ಅದ್ದೋದು ಅಂತ ವಿಧಾನಗಳನ್ನ ಅದು ಬೇರೆಬೇರೆಯಾಗಿ ಗುರುತಿಸುತ್ತೆ. ಆಮೇಲೆ ಕಾರ್ಖಾನೆ ತಿಂಗಳಿಗೊಮ್ಮೆಯಾದರೂ ಮಾದರಿ ತಗಡು ಮಾಡಿ ಉಪ್ಪಿನ ಮಂಜಿಗೂ ಟೇಪಿಗೂ ಕಳಿಸಬೇಕು.

ಇಲ್ಲೊಂದು ಕಳ್ಳದಾರಿ ಇದೆ. ತಿಂಗಳ ತಗಡುಗಳನ್ನ ತೊಟ್ಟಿಯಲ್ಲಿ ಅದ್ದಿ ಪಾಸು ಮಾಡಿಸಿಕೊಂಡು, ಬ್ರಷ್ ಕೆಲಸಕ್ಕೂ ಅದೇ ಸರ್ಟಿಫಿಕೇಟು ಸಾಕು ಅಂದುಬಿಡೋದು. ನನ್ನ ಪ್ರಕಾರ ಇದು ಪರೀಕ್ಷೆಯೇ ಅಲ್ಲ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಮೂಲ ಪ್ರೋಗ್ರಾಮಿನ ಟೆಸ್ಟ್ ಎಲ್ಲಾ ಪಾಸಾಗಿದೆ ಅಂತ ತೋರಿಸಿ, ರಾತ್ರಿ ಎರಡು ಗಂಟೆಗೆ ಸರ್ವರಿನಲ್ಲೇ ಕೂತು ಬರೆದ ಹಾಟ್‌ಫಿಕ್ಸಿಗೆ ಸಹಿ ಹಾಕಿದ ಹಾಗೆ. ಕೆಡೋದು ಯಾವಾಗಲೂ ಆ ಹಾಟ್‌ಫಿಕ್ಸೇ! ತೊಟ್ಟಿಯಲ್ಲಿ ತಾಪ, ಆಮ್ಲದ ಮಟ್ಟ, ಸಮಯ ಎಲ್ಲ ಅಳತೆಯಲ್ಲಿರುತ್ತೆ. ಬ್ರಷ್ಷಿನ ಕೆಲಸದಲ್ಲಿ ಎಲ್ಲವೂ ಒಬ್ಬ ಮನುಷ್ಯನ ಕೈಯಲ್ಲಿ. ಹಳೇ ಆಕ್ಸೈಡನ್ನ ಉಜ್ಜಿ ತೆಗೆದನಾ? ಉಜ್ಜೋಕೆ ನೈಲಾನ್ ಪ್ಯಾಡ್ ತಗೊಂಡನಾ ಅಥವಾ ಕೈಗೆ ಸಿಕ್ಕಿದ ಉಕ್ಕಿನ ನಾರು ತಗೊಂಡನಾ? ಉಕ್ಕಿನ ಚೂರು ಅಲ್ಯೂಮಿನಿಯಂನಲ್ಲಿ ಸಿಕ್ಕಿಕೊಂಡರೆ ಅದೇ ಹೊಸ ಬ್ಯಾಟರಿ. ಹಚ್ಚಿದ ಮೇಲೆ ಒಣಗೋಕೆ ಬಿಡದೆ ಬೇಕಾದಷ್ಟು ನಿಮಿಷ ಒದ್ದೆಯಾಗಿ ಇಟ್ಟನಾ? ಇನ್ನೂ ಲೋಳೆಯಾಗಿದ್ದಾಗ ಬಟ್ಟೆಯಲ್ಲಿ ಒರೆಸಿಬಿಟ್ಟನಾ? ಹಾಗಾಗಿ ಟಚ್-ಅಪ್ ಮಾಡುವವರೇ, ಅದೇ ಬ್ರಷ್ಷು, ಅದೇ ಡಬ್ಬಿ, ಅದೇ ಉಜ್ಜೋ ಪ್ಯಾಡಿನಿಂದ ಮಾದರಿ ತಗಡು ಮಾಡಿಕೊಡಬೇಕು. ಆಗ ನಾವು ಪರೀಕ್ಷೆ ಮಾಡ್ತಿರೋದು ದ್ರಾವಣವನ್ನಲ್ಲ, ಆ ಕೈಯನ್ನ.

ಅದರಲ್ಲೂ ಒಂದು ಮೋಸ ಉಳಿದೇ ಇರುತ್ತೆ ಬಿಡಿ. ಮಾದರಿ ತಗಡನ್ನ ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ನಿಧಾನವಾಗಿ ಹಚ್ಚಬಹುದು. ನಿಜವಾದ ಗೀರು ತಲೆ ಮೇಲೆ, ರಿವೆಟ್ಟುಗಳ ಸಂದಿಯಲ್ಲಿ, ಟಾರ್ಚ್ ಬೆಳಕಲ್ಲಿ ಇರುತ್ತೆ. ಅಂಥ ಕಡೆಗೆ ಅಂತಲೇ ಮಾರ್ಕರ್ ಪೆನ್ನಿನಂಥದ್ದು ಬಂತು. ಒಳಗೆ ದ್ರಾವಣ, ತುದಿಯಲ್ಲಿ ನಿಬ್ಬು. ಹರಿದು ಸೋರೋಲ್ಲ, ಕೆಲವಕ್ಕೆ ತೊಳೆಯೋದೂ ಬೇಡ. 81706 ಅದನ್ನ ನಾಲ್ಕನೇ ವಿಧಾನವಾಗಿ ಸೇರಿಸಿಕೊಂಡಿತು.

ಸಣ್ಣ ಜಾಗದ ಬಗ್ಗೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂತ ಕೇಳಬಹುದು. 1988ರ ಏಪ್ರಿಲ್ 28ರಂದು ಹವಾಯಿ ಮೇಲೆ ಹಾರ್ತಿದ್ದ ಅಲೋಹಾ ಏರ್‌ಲೈನ್ಸ್ 243, ಒಂದು ಬೋಯಿಂಗ್ 737, ಮುಂಭಾಗದ ಚಾವಣಿಯನ್ನೇ ಕಳಕೊಂಡಿತು. ಗಗನಸಖಿಯೊಬ್ಬರು ಹೊರಕ್ಕೆ ಎಳೆಯಲ್ಪಟ್ಟು ಸತ್ತರು. ಅಲ್ಲಿ ಕೆಟ್ಟಿದ್ದು ಟಚ್-ಅಪ್ ಅಲ್ಲ. ತಗಡು ತಗಡಿನ ಮೇಲೆ ಬರೋ ಜೋಡಣೆಯ ಅಂಟು ಬಿಟ್ಟು, ಸಂದಿಗೆ ತೇವ ಸೇರಿ, ಕೊರೆತವೂ ದಣಿವಿನ ಬಿರುಕುಗಳೂ ಕೂಡಿಕೊಂಡಿದ್ದವು. ಆದರೆ ಉಪ್ಪು ಗಾಳಿ, ಕಣ್ಣಿಗೆ ಕಾಣದ ಸಂದಿ, ಅದರೊಳಗೆ ಸದ್ದಿಲ್ಲದ ಕೊರೆತ ಅನ್ನೋದು ಮಾತ್ರ 1928ರಲ್ಲಿ ರಾಡನ್ ಬರೆದಿದ್ದೇ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಗಾಯ ಮಾಯಿಸೋ ಆ ಆರು ವೇಲೆನ್ಸಿಯ ಕ್ರೋಮಿಯಂ ಇದೆಯಲ್ಲ, ಅದು ಮನುಷ್ಯನಿಗೆ ಕ್ಯಾನ್ಸರ್ ತರೋ ವಸ್ತು. ಕ್ಯಾಲಿಫೋರ್ನಿಯಾದ ಹಿಂಕ್ಲೆ ಊರಿನ ಅಂತರ್ಜಲಕ್ಕೆ ಅದು ಸೇರಿದ ಮೊಕದ್ದಮೆ 1996ರಲ್ಲಿ 33.3 ಕೋಟಿ ಡಾಲರಿಗೆ ಇತ್ಯರ್ಥವಾಯ್ತು. 2000ದಲ್ಲಿ ಬಂದ ಜೂಲಿಯಾ ರಾಬರ್ಟ್ಸ್ ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 2006ರಲ್ಲಿ, ಕೆಲಸಗಾರ ಉಸಿರಾಡೋ ಗಾಳಿಯಲ್ಲಿ ಅದರ ಮಿತಿಯನ್ನ ಘನ ಮೀಟರಿಗೆ 5 ಮೈಕ್ರೋಗ್ರಾಮಿಗೆ ಇಳಿಸಿತು. ಯುರೋಪಿನಲ್ಲಿ 2017ರ ಸೆಪ್ಟೆಂಬರ್ ನಂತರ ವಿಶೇಷ ಅನುಮತಿ ಇಲ್ಲದೆ ಕ್ರೋಮಿಯಂ ಟ್ರೈಆಕ್ಸೈಡ್ ಬಳಸೋ ಹಾಗಿಲ್ಲ. ತೊಟ್ಟಿಯ ಕೆಲಸದಲ್ಲಿ ಹೊಗೆ ಎಳೆಯೋ ಫ್ಯಾನು, ಮುಚ್ಚಳ ಎಲ್ಲ ಇರುತ್ತೆ. ಟಚ್-ಅಪ್ ಮಾಡುವವನಿಗೆ? ವಿಮಾನದ ಹೊಟ್ಟೆಯೊಳಗೆ ಮಲಗಿ ಅವನೇ ಉಜ್ಜಬೇಕು, ಅವನೇ ಹಚ್ಚಬೇಕು, ಒರೆಸಿದ ಬಟ್ಟೆಯನ್ನೂ ಅವನೇ ತೊಳೆದು ಎಸೆಯಬೇಕು. ತೊಳೆಯದೆ ಎಸೆದರೆ ಒಣಗಿದ ಮೇಲೆ ಬೆಂಕಿ ಹತ್ತೋ ಭಯ.

ಹಾಗಾಗಿ 2006ರ ಆವೃತ್ತಿಯಲ್ಲೇ ಕೋಟಿಂಗನ್ನ ಎರಡು ಬಗೆ ಮಾಡಿದರು. ಮೊದಲನೇದರಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಇರುತ್ತೆ, ಎರಡನೇದರಲ್ಲಿ ಇಲ್ಲ. ಅಮೆರಿಕದ ನೌಕಾಪಡೆಯ ವಾಯು ವಿಭಾಗದವರು ಮೂರು ವೇಲೆನ್ಸಿಯ ಕ್ರೋಮಿಯಂ ಮತ್ತು ಜಿರ್ಕೋನಿಯಂ ಇರೋ ದ್ರಾವಣ ಮಾಡಿದ್ದರು. ಉಪ್ಪಿನ ಮಂಜಿನಲ್ಲಿ ಚೆನ್ನಾಗೇ ನಿಂತಿತು. ಮಾಡುವವನ ಶ್ವಾಸಕೋಶಕ್ಕೂ ಒಳ್ಳೇದು.

ಆದರೆ ಅದಕ್ಕೆ ಬಣ್ಣ ಇಲ್ಲ!

ಹೆಚ್ಚೆಂದರೆ ಓರೆ ಬೆಳಕಿನಲ್ಲಿ ಒಂಚೂರು ನೀಲಿ-ನೇರಳೆ ಛಾಯೆ. ಅರ್ಧ ಶತಮಾನ ಇನ್‌ಸ್ಪೆಕ್ಟರುಗಳು ಹೊಂಬಣ್ಣ ನೋಡಿ ಒಪ್ಪಿಗೆ ಕೊಡ್ತಾ ಬಂದಿದ್ದರು. ತೇಪೆಯ ಮೇಲೆ ಮಾಡಬಹುದಾಗಿದ್ದ ಮುಖ್ಯ ಪರೀಕ್ಷೆ ಅದೇ ಆಗಿತ್ತಲ್ಲ? ಈಗ ಹಚ್ಚಿದ ಜಾಗವೂ ಹಚ್ಚದ ಜಾಗವೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ. ಜೊತೆಗೆ ಈ ಹೊಸ ದ್ರಾವಣಕ್ಕೆ ಮೇಲ್ಮೈ ಇನ್ನೂ ಶುದ್ಧವಾಗಿರಬೇಕು. ಅಂದ್ರೆ ಉಜ್ಜೋ ಕೈಯ ಮೇಲೆ ಭಾರ ಜಾಸ್ತಿ ಆಯ್ತು, ಅದನ್ನ ನೋಡೋ ಕಣ್ಣಿಗೆ ಆಧಾರ ಕಮ್ಮಿ ಆಯ್ತು. ಈಗ ಮಾದರಿ ತಗಡನ್ನ ಬ್ರಷ್ಷಿನಲ್ಲೇ ಮಾಡಬೇಕು ಅನ್ನೋದು ಬರೀ ಶಿಸ್ತಿನ ಮಾತಾಗಿ ಉಳಿದಿಲ್ಲ. ಬೇರೆ ಸಾಕ್ಷಿಯೇ ಇಲ್ಲ.

ಆ ಸಾಕ್ಷಿಯೂ ತಡವಾಗೇ ಬರುತ್ತೆ. ಒಂದು ದಿನ ಆರಬೇಕು, ಆಮೇಲೆ 168 ಗಂಟೆ ಮಂಜು. ಅಷ್ಟು ಹೊತ್ತಿಗೆ ಗೀರು ಬಿದ್ದಿದ್ದ ಭಾಗಕ್ಕೆ ಪ್ರೈಮರ್ ಬಿದ್ದು, ಪೇಂಟ್ ಬಿದ್ದು, ರಿವೆಟ್ ಹೊಡೆದಾಗಿರುತ್ತೆ. ಎಂಟನೇ ದಿನ ಪೆಟ್ಟಿಗೆ ತೆಗೆದಾಗ ತಗಡಿನ ಮೇಲೆ ಮಿತಿ ಮೀರಿ ಗುಳಿ ಕಂಡರೆ ಕೆಲಸ ನಿಲ್ಲಿಸಬೇಕು. ಆ ತಗಡು ಮಾಡಿದ ದಿನದಿಂದ ಅವತ್ತಿನವರೆಗೆ ಗುರುತು ಹಿಡಿಯಬಹುದಾದ ಕೆಲಸವನ್ನೆಲ್ಲ ತಿರಸ್ಕರಿಸಬೇಕು. ಆಗ ಯಾರೋ ಒಬ್ಬರು ಹಳೇ ರಿಜಿಸ್ಟರ್ ತೆಗೆದು, ಯಾವ ಭಾಗದ ಯಾವ ಮೂಲೆಯಲ್ಲಿ ಬ್ರಷ್ ಆಡಿಸಿದ್ದು, ಯಾವತ್ತು, ಯಾರು ಅಂತ ಸಾಲು ಸಾಲಾಗಿ ಹುಡುಕ್ತಾ ಕೂರ್ತಾರೆ.